ಪ್ಯಾರಾಥೈರಾಯ್ಡ್ ಆಪರೇಷನ್ ಎರಡು ಸಲ ಆಯ್ತು, ಎರಡಕ್ಕೂ ಏನು ವ್ಯತ್ಯಾಸ
ಎರಡನೇ ಸಲ ಕಿಡ್ನಿ ಸ್ಟೋನ್ ಬಂದಾಗ ಡಾಕ್ಟ್ರು ಕ್ಯಾಲ್ಸಿಯಂ ಚೆಕ್ ಮಾಡ್ಸಿದ್ರು, 11.6 ಇತ್ತು, ಜಾಸ್ತಿನೇ. ಪಿಟಿಹೆಚ್, ಅಂದ್ರೆ ರಕ್ತದಲ್ಲಿ ಕ್ಯಾಲ್ಸಿಯಂ ಏರ್ಸೋ ಪ್ಯಾರಾಥೈರಾಯ್ಡ್ ಹಾರ್ಮೋನು, 210 (65ರ ಒಳಗಿರ್ಬೇಕು). ಥೈರಾಯ್ಡ್ ಹಿಂದೆ ಅಕ್ಕಿಕಾಳಿನಷ್ಟು ಚಿಕ್ಕ ಪ್ಯಾರಾಥೈರಾಯ್ಡ್ ಗ್ರಂಥಿ ನಾಲ್ಕು ಇರ್ತವೆ, ಈ ಕಾಯಿಲೆ ಬಂದ 100 ಜನರಲ್ಲಿ 80-85 ಜನಕ್ಕೆ ಅದರಲ್ಲಿ ಒಂದೇ ಒಂದು ಊದ್ಕೊಂಡಿರುತ್ತೆ. ನಂದೂ ಹಾಗೇ ಅಂದ್ಕೊಂಡ್ರು.

ಮೊದಲನೇದು ಫೋಕಸ್ಡ್ ಸರ್ಜರಿ. ಸೆಸ್ಟಾಮಿಬಿ ಸ್ಕ್ಯಾನಲ್ಲಿ (ಔಷಧಿ ಚುಚ್ಚಿ ಕೆಟ್ಟ ಗ್ರಂಥಿ ಹುಡುಕೋ ಸ್ಕ್ಯಾನು) ಎಡಗಡೆ ಕೆಳಗಿಂದು ಕಾಣಿಸ್ತು, ಎರಡೂವರೆ ಸೆಂಟಿಮೀಟರ್ ಕೊಯ್ದು ಅದೊಂದನ್ನೇ ತೆಗೆದ್ರು, ಮುಕ್ಕಾಲು ಗಂಟೇಲಿ ಮುಗೀತು, ಮಾರನೇ ದಿನ ಮನೇಲಿ ಅನ್ನ ಸಾರು ಊಟ ಮಾಡಿದೆ. ನೋವೂ ಅಷ್ಟೇನಿಲ್ಲ. ಆದ್ರೆ ಅಲ್ಲಿ ಆಪರೇಷನ್ ನಡೀವಾಗಲೇ ಪಿಟಿಹೆಚ್ ನೋಡೋ ವ್ಯವಸ್ಥೆ ಇರ್ಲಿಲ್ಲ, ಕೇಳ್ಬೇಕು ಅಂತ ನನಗೂ ಗೊತ್ತಿರ್ಲಿಲ್ಲ. ಎರಡು ತಿಂಗಳಾದ್ಮೇಲೆ ಕ್ಯಾಲ್ಸಿಯಂ 10.9, ಇನ್ನೂ ಜಾಸ್ತಿನೇ. ಬಲಗಡೆ ಮೇಲಿಂದೂ ಕೆಟ್ಟಿತ್ತು, ಸ್ಕ್ಯಾನಿಗೆ ಸಿಕ್ಕಿರ್ಲಿಲ್ಲ. ಆ ರಿಪೋರ್ಟ್ ಹಿಡ್ಕೊಂಡು ಅತ್ತಿದ್ದು ಇನ್ನೂ ನೆನಪಿದೆ.

ಎರಡನೇದು ಬೇರೆ ಕಡೆ. ಫೋರ್‌ಡಿ ಸಿಟಿ (ಸ್ವಲ್ಪ ಸ್ವಲ್ಪ ಹೊತ್ತಿಗೆ ಹಲವು ಸಲ ಚಿತ್ರ ತೆಗೆಯೋ ಸ್ಕ್ಯಾನು) ಮಾಡ್ಸಿ, ಹಳೇ ಗಾಯಾನೇ ಅಗಲ ಮಾಡಿ ಬಲಗಡೆ ಪೂರ್ತಿ ನೋಡಿದ್ರು, ಹತ್ರಹತ್ರ ಎರಡು ಗಂಟೆ. ಇಲ್ಲಿ ಪಿಟಿಹೆಚ್ ಮಾನಿಟರಿಂಗ್ ಇತ್ತು. ಈ ಹಾರ್ಮೋನು ರಕ್ತದಲ್ಲಿ 3-5 ನಿಮಿಷಕ್ಕೇ ಅರ್ಧ ಆಗ್ಬಿಡುತ್ತೆ, ಅದಕ್ಕೆ ಗ್ರಂಥಿ ತೆಗೆದು 10 ನಿಮಿಷಕ್ಕೆ ರಕ್ತ ತಗೊಂಡು ನೋಡ್ತಾರೆ, ಮೊದಲಿದ್ದಿದ್ದಕ್ಕಿಂತ ಅರ್ಧಕ್ಕಿಂತ ಜಾಸ್ತಿ ಇಳಿದಿದ್ರೆ ಸರಿ, ಇಳೀಲಿಲ್ಲ ಅಂದ್ರೆ ಇನ್ನೊಂದು ಎಲ್ಲೋ ಇದೆ ಅಂತ ಮತ್ತೆ ಹುಡುಕ್ತಾರೆ. ನಂದು 168ರಿಂದ 41ಕ್ಕೆ ಇಳೀತು. ಲ್ಯಾಬಿಂದ ರಿಸಲ್ಟ್ ಬರೋಕೆ ಅರ್ಧ ಗಂಟೆ, ಅಷ್ಟೊತ್ತು ಅರಿವಳಿಕೆ ಮತ್ತಿನಲ್ಲೇ ಇಟ್ಟಿರ್ತಾರೆ, ಬಿಲ್ಲೂ ಜಾಸ್ತಿ ಬರುತ್ತೆ. ಮೊದಲನೇ ಸಲಾನೇ ಇದನ್ನ ಮಾಡಿದ್ರೆ ಬಹುಶಃ ಆವತ್ತೇ ಗೊತ್ತಾಗ್ತಿತ್ತು.

ಚೇತರಿಕೆ ಮಾತ್ರ ಎರಡನೇದರಲ್ಲಿ ಕಷ್ಟ. ಒಂದು ಸಲ ಕೊಯ್ದ ಜಾಗದಲ್ಲಿ ಎಲ್ಲಾ ಅಂಟ್ಕೊಂಡಿರುತ್ತೆ, ಧ್ವನಿಯ ನರ ಪಕ್ಕದಲ್ಲೇ ಹೋಗುತ್ತೆ, ಮೂರು ವಾರ ಗಂಟಲು ಒಡೆದಂಗೆ ಮಾತಾಡ್ತಿದ್ದೆ. ಎರಡನೇ ರಾತ್ರಿ ತುಟಿ, ಬೆರಳ ತುದಿ ಜುಮುಜುಮು ಅಂತು, ಕ್ಯಾಲ್ಸಿಯಂ 7.8ಕ್ಕೆ ಇಳಿದಿತ್ತು, ಕ್ಯಾಲ್ಸಿಯಂ ಮಾತ್ರೆ ಜೊತೆ ಕ್ಯಾಲ್ಸಿಟ್ರಿಯಾಲ್ (ವಿಟಮಿನ್ ಡಿಯ ಒಂದು ರೂಪ) ಕೊಟ್ರು. ನಿಮಗೂ ಹಾಗೆ ಜುಮು ಅಂದ್ರೆ ತಡ ಮಾಡ್ದೆ ನರ್ಸಿಗೆ ಹೇಳಿ, ದಯವಿಟ್ಟು.

ನನ್ನನ್ನ ಕೇಳಿದ್ರೆ ಸ್ಕ್ಯಾನು, ಅಲ್ಟ್ರಾಸೌಂಡು ಎರಡೂ ಒಂದೇ ಜಾಗ ತೋರ್ಸಿದ್ರೆ ಫೋಕಸ್ಡೇ ಒಳ್ಳೇದು, ಆದ್ರೆ ಪಿಟಿಹೆಚ್ ಟೆಸ್ಟ್ ಜೊತೆಗಿರೋ ಕಡೆ ಮಾಡ್ಸಿ. ಸ್ಕ್ಯಾನಲ್ಲಿ ಏನೂ ಕಾಣ್ಲಿಲ್ಲ, ಇಲ್ಲಾ ಮನೇಲಿ ಬೇರೆಯವ್ರಿಗೂ ಈ ಕಾಯಿಲೆ ಇದೆ ಅಂದ್ರೆ ನಾಲ್ಕನ್ನೂ ತೆರೆದು ನೋಡೋದೇ ಸರಿ, ಅದಕ್ಕೆ ಈ ಸರ್ಜರೀನೇ ಜಾಸ್ತಿ ಮಾಡಿರೋ ಡಾಕ್ಟ್ರು ಬೇಕು. ಆರು ತಿಂಗಳು ಕ್ಯಾಲ್ಸಿಯಂ ಸರಿಯಾಗಿದ್ರೆ ಮಾತ್ರ ವಾಸಿ ಅಂತ ಲೆಕ್ಕ. ನಂದು ಮೊನ್ನೆ ಆರು ತಿಂಗಳು ತುಂಬ್ತು, 9.4 ಬಂತು.