ಭಾವನೆ ಕಾರ್ಡ್‌ಗಳು: ಕೊಡಗಿನ ಕಕ್ಕಡ ತಿಂಗಳ ಮಳೆಗೆ ಸುರುಟದಿದ್ದರೆ ಸಾಕು

ಮುಖಚಿತ್ರಗಳ ಈ ಪೆಟ್ಟಿಗೆ 3ರಿಂದ 6 ವರ್ಷದವರಿಗೆ ಚೆನ್ನಾಗಿದೆ. ಆದರೆ ಎಲ್ಲ ಕಾರ್ಡೂ ಒಟ್ಟಿಗೆ ಹರಡಬೇಡಿ. ಮೊದಲ ವಾರ ಖುಷಿ, ಸಿಟ್ಟು, ದುಃಖ, ಹೆದರಿಕೆ ಸಾಕು. ‘ಇದು ಯಾವ ಮುಖ?’ ಎಂದರೆ ಮಗು ಬಾಯಿಪಾಠ ಒಪ್ಪಿಸುತ್ತದೆ. ‘ಯಾಕೆ ಹೀಗಾಗಿರಬಹುದು?’ ಎಂದು ಕೇಳಿ.

ಕೊಟ್ಟ ದುಡ್ಡು ವಸೂಲಾಗುವುದು ಬುಟ್ಟಿಯ ಕಾರ್ಡ್‌ಗಳಲ್ಲಿ, ಇನ್ನೊಬ್ಬರ ಮನಸ್ಸಿನಲ್ಲಿರುವುದನ್ನು ಮಗು ಊಹಿಸಬಲ್ಲದೇ ಎಂದು ನೋಡಿದ 1985ರ ಸ್ಯಾಲಿ-ಆ್ಯನ್ ಪ್ರಯೋಗದ್ದೇ ಧಾಟಿ. ಅಕ್ಕ ಕಿತ್ತಳೆಯನ್ನು ಬುಟ್ಟಿಯಲ್ಲಿಟ್ಟು ತೋಟಕ್ಕೆ ಹೋದಾಗ ತಮ್ಮ ಅದನ್ನು ಡಬ್ಬಿಗೆ ಹಾಕುತ್ತಾನೆ. ಅಕ್ಕ ಎಲ್ಲಿ ಹುಡುಕುತ್ತಾಳೆ? 3 ವರ್ಷದವರು ಸಾಮಾನ್ಯವಾಗಿ ‘ಡಬ್ಬಿ’ ಎನ್ನುತ್ತಾರೆ: ತನಗೆ ಗೊತ್ತಿದ್ದದ್ದು ಅಕ್ಕನಿಗೂ ಗೊತ್ತೆಂಬ ಲೆಕ್ಕ. ಗದರಬೇಡಿ, ಅಕ್ಕ ಬುಟ್ಟಿಯಲ್ಲೇ ಹುಡುಕುತ್ತಾಳೆಂದು 4-5ಕ್ಕೆ ಹೆಚ್ಚಿನವರಿಗೆ ಹೊಳೆಯುತ್ತದೆ.

ಲ್ಯಾಮಿನೇಷನ್ ಇಲ್ಲದ್ದು ದೊಡ್ಡ ಕೊರತೆ. ಕಕ್ಕಡದ ತೇವಕ್ಕೆ ಕಾರ್ಡ್ ಸುರುಟಿ ಬೂಷ್ಟು ಹಿಡಿಯುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.