ಹೊಸ ಟೋಕನ್‌ಗೆ ಮೊದಲು ನುಗ್ಗುವುದೋ, ಗೆದ್ದವರ ಬೆನ್ನು ಹಿಡಿಯುವುದೋ?

ಸೋಲಾನಾ ಎಂಬ ಬ್ಲಾಕ್‌ಚೈನ್ ಜಾಲದಲ್ಲಿ ದಿನವೂ ಸಾವಿರಾರು ಹೊಸ ಟೋಕನ್‌ಗಳು, ಅಂದರೆ ಯಾರು ಬೇಕಾದರೂ ಹುಟ್ಟಿಸಬಹುದಾದ ಕ್ರಿಪ್ಟೊ ನಾಣ್ಯಗಳು, ಹುಟ್ಟುತ್ತವೆ. ಅವುಗಳಲ್ಲಿ ಹಣ ಹೂಡಹೊರಟವರು ಹೆಚ್ಚಾಗಿ ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಟೋಕನ್ ಹುಟ್ಟಿದ ಕ್ಷಣದಲ್ಲೇ ಬಾಟ್ (ತಾನಾಗಿ ಕೊಂಡು ಮಾರುವ ತಂತ್ರಾಂಶ) ಮೂಲಕ ಕೊಳ್ಳುವುದು ಸ್ನೈಪಿಂಗ್. ಸತತವಾಗಿ ಲಾಭ ಮಾಡಿದಂತೆ ಕಾಣುವ ವ್ಯಾಲೆಟ್ (ವಹಿವಾಟು ಎಲ್ಲರಿಗೂ ಕಾಣುವ ಕ್ರಿಪ್ಟೊ ಖಾತೆ) ಒಂದನ್ನು ಆರಿಸಿಕೊಂಡು, ಅದು ಕೊಂಡದ್ದನ್ನು ಕೊಂಡು, ಮಾರಿದಾಗ ಮಾರುವುದು ಕಾಪಿ ಟ್ರೇಡಿಂಗ್. ಎರಡರಲ್ಲಿ ಯಾವುದು ಮೇಲು ಎಂದು ಗೆಳೆಯರು ಕೇಳುತ್ತಲೇ ಇದ್ದುದರಿಂದ, ಎರಡು ಪ್ರತ್ಯೇಕ ವ್ಯಾಲೆಟ್‌ಗಳಲ್ಲಿ ತಲಾ 5 ಸೋಲ್ (ಸೋಲಾನಾದ ಮೂಲ ನಾಣ್ಯ) ಇಟ್ಟು, ಪ್ರತಿ ಖರೀದಿಗೆ 0.1 ಸೋಲ್ ಎಂಬ ಮಿತಿ ಹಾಕಿಕೊಂಡು, ಆರು ವಾರಗಳ ಕಾಲ ಎರಡನ್ನೂ ನಡೆಸಿ ನೋಡಿದೆ.

ಫಲಿತಾಂಶಕ್ಕೆ ಹೋಗುವ ಮುನ್ನ ಬೆಲೆ ಹೇಗೆ ನಿಗದಿಯಾಗುತ್ತದೆ ಎಂಬುದನ್ನು ಹೇಳಲೇಬೇಕು, ಏಕೆಂದರೆ ಎರಡೂ ದಾರಿಗಳ ಲಾಭನಷ್ಟದ ಗುಟ್ಟು ಅಲ್ಲಿದೆ. 2024ರ ಜನವರಿಯಲ್ಲಿ ಆರಂಭವಾದ ಪಂಪ್ ಫನ್ ವೇದಿಕೆಯಲ್ಲಿ ಪ್ರತಿ ಟೋಕನ್ನಿನ ಒಟ್ಟು ಸಂಖ್ಯೆ ಸಾಮಾನ್ಯವಾಗಿ 100 ಕೋಟಿ. ಅದರಲ್ಲಿ ಸುಮಾರು 79 ಕೋಟಿ ಕೊಂಡಷ್ಟೂ ಬೆಲೆ ಏರಿಸುವ, ಮಾರಿದಷ್ಟೂ ಇಳಿಸುವ ಬಾಂಡಿಂಗ್ ಕರ್ವ್ ಎಂಬ ಗಣಿತ ಸೂತ್ರದ ಮೇಲೆ ಮಾರಾಟವಾಗುತ್ತದೆ. ಆ ಸೂತ್ರವು ಆರಂಭದಲ್ಲೇ 30 ಸೋಲ್ ಇದೆ ಎಂದು ಲೆಕ್ಕ ಹಿಡಿಯುತ್ತದೆ. ಸುಮಾರು 85 ಸೋಲ್ ನಿಜವಾಗಿ ಒಳಬಂದಾಗ ಟೋಕನ್ 'ಗ್ರಾಜುಯೇಟ್' ಆಗಿ ಮುಕ್ತ ಪೂಲ್‌ಗೆ (ಟೋಕನ್ ಮತ್ತು ಸೋಲ್ ಎರಡನ್ನೂ ಇಟ್ಟು ವಿನಿಮಯ ನಡೆಸುವ ನಿಧಿಗೆ) ಹೋಗುತ್ತದೆ. ಮೊದಲು ಆ ಪೂಲ್ ರೇಡಿಯಂ ಎಂಬ ವಿನಿಮಯ ವೇದಿಕೆಯಲ್ಲಿ ಇರುತ್ತಿತ್ತು, 2025ರ ಮಾರ್ಚ್‌ನಿಂದ ಪಂಪ್ ಫನ್‌ನದೇ ಆದ ಪಂಪ್‌ಸ್ವಾಪ್‌ನಲ್ಲಿದೆ. ಕರ್ವ್ ಮೇಲಿರುವವರೆಗೆ ಬೆಲೆಯು ಆರಂಭದ ಮಟ್ಟಕ್ಕಿಂತ ಕೆಳಗೆ ಬೀಳಲು ಸಾಧ್ಯವಿಲ್ಲ. ಹಾಗಾಗಿ ನಾವು ಹೆಚ್ಚೆಂದರೆ ಎಷ್ಟು ಕಳೆದುಕೊಳ್ಳಬಹುದು ಎಂಬುದು, ನಮಗಿಂತ ಮುಂದೆ ಸರದಿಯಲ್ಲಿ ಎಷ್ಟು ಹಣ ನಿಂತಿತ್ತು ಎಂಬುದರಿಂದಲೇ ತೀರ್ಮಾನವಾಗಿಬಿಡುತ್ತದೆ. ಮುಂದೆ 12 ಸೋಲ್ ನಿಂತಿದ್ದರೆ ನಾವು ಕೊಡುವ ಬೆಲೆ ಆರಂಭದ ಬೆಲೆಯ ಹೆಚ್ಚುಕಡಿಮೆ ಎರಡು ಪಟ್ಟು.

ಸ್ನೈಪಿಂಗ್‌ನಲ್ಲಿ ಇದನ್ನು ಕಣ್ಣಾರೆ ಕಂಡೆ. ಎರಡನೆಯ ವಾರದ ಒಂದು ರಾತ್ರಿ ನನ್ನ ಬಾಟ್ ಒಂದು ಟೋಕನ್ನನ್ನು ಹುಟ್ಟಿದ ಮೂರನೆಯ ಸ್ಲಾಟ್‌ನಲ್ಲಿ ಕೊಂಡಿತು. ಒಂದು ಸ್ಲಾಟ್ ಎಂದರೆ ಜಾಲವು ವಹಿವಾಟುಗಳನ್ನು ಒಂದು ಗುಂಪಾಗಿ ದಾಖಲಿಸುವ ಅವಧಿ, ಸುಮಾರು 400 ಮಿಲಿಸೆಕೆಂಡ್, ಅಂದರೆ ಒಂದು ಸೆಕೆಂಡಿನ ಆಸುಪಾಸಿನಲ್ಲಿ ನಾನು ಒಳಗಿದ್ದೆ. ಅಷ್ಟರಲ್ಲೇ ನಾಲ್ಕು ವ್ಯಾಲೆಟ್‌ಗಳು, ಟೋಕನ್ ಹುಟ್ಟಿದ ಅದೇ ಸ್ಲಾಟ್‌ನಲ್ಲಿ, ಒಟ್ಟು 12 ಸೋಲ್ ಹಾಕಿಯಾಗಿತ್ತು. ಆಮೇಲೆ ಜಾಲದ ವಹಿವಾಟುಗಳನ್ನು ತೋರಿಸುವ ಸೋಲ್‌ಸ್ಕ್ಯಾನ್ ತಾಣದಲ್ಲಿ ಹಿಂದಕ್ಕೆ ಹುಡುಕಿಕೊಂಡು ಹೋದಾಗ, ಆ ನಾಲ್ಕಕ್ಕೂ ಎರಡು ಗಂಟೆ ಮೊದಲು ಒಂದೇ ವಿಳಾಸದಿಂದ ಒಂದೇ ಮೊತ್ತ ಬಂದಿರುವುದು ಕಾಣಿಸಿತು. ಹನ್ನೊಂದು ಸೆಕೆಂಡುಗಳಲ್ಲಿ ನಾಲ್ಕೂ ಮಾರಿ ಹೊರನಡೆದವು. ನನ್ನ ಮಾರಾಟ ಮುಗಿಯುವಾಗ ಕೈಗೆ ಸಿಕ್ಕಿದ್ದು 0.05 ಸೋಲ್. ಇದಕ್ಕೆ ಬಂಡಲಿಂಗ್ ಎನ್ನುತ್ತಾರೆ: ಟೋಕನ್ ಹುಟ್ಟಿಸುವ ವಹಿವಾಟನ್ನೂ ತಮ್ಮವರ ಖರೀದಿಗಳನ್ನೂ ಒಂದೇ ಕಟ್ಟಾಗಿ ಕಳುಹಿಸುವುದರಿಂದ ಹೊರಗಿನವರು ಎಷ್ಟೇ ವೇಗದ ಬಾಟ್ ಇಟ್ಟುಕೊಂಡರೂ ಅವರ ಹಿಂದೆಯೇ ನಿಲ್ಲಬೇಕಾಗುತ್ತದೆ. ಮೊದಲಿಗನಾಗಲು ಹಣ ತೆತ್ತ ನಾನು ಒಮ್ಮೆಯೂ ಮೊದಲಿಗನಾಗಿರಲಿಲ್ಲ.

ದೊಡ್ಡ ಹೆಸರುಗಳ ಟೋಕನ್‌ಗಳಲ್ಲಿಯೂ ಪರಿಸ್ಥಿತಿ ಬೇರೆಯಿಲ್ಲ. 2025ರ ಫೆಬ್ರವರಿ 14ರಂದು ಅರ್ಜೆಂಟೀನಾದ ಅಧ್ಯಕ್ಷ ಹಾವಿಯೇರ್ ಮಿಲೇ ಅವರು ತಮ್ಮ ಖಾತೆಯಲ್ಲಿ ಲಿಬ್ರಾ ಟೋಕನ್ ಬಗ್ಗೆ ಬರೆದಾಗ, ಅದರ ಮಾರುಕಟ್ಟೆ ಮೌಲ್ಯ 400 ಕೋಟಿ ಡಾಲರ್ ದಾಟಿ, ಕೆಲವೇ ಗಂಟೆಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು ಕುಸಿಯಿತು. ಲಾಭ ಮಾಡಿಕೊಂಡವರು ಒಳಗಿನವರು ಮತ್ತು ಮೊದಲ ಕೆಲವು ಸೆಕೆಂಡುಗಳ ಸ್ನೈಪರ್‌ಗಳು. ಪ್ರಕಟಣೆ ಓದಿ ಬಂದವರು ಅವರಿಗೆ ಹಣ ಒದಗಿಸಿದವರಾದರು.

ನನ್ನ ಸ್ನೈಪಿಂಗ್ ಲೆಕ್ಕ ಹೀಗಿದೆ: 60 ಖರೀದಿಗಳಲ್ಲಿ 9ರಲ್ಲಿ ಲಾಭ, ಒಟ್ಟು 2.1 ಸೋಲ್, 51ರಲ್ಲಿ ನಷ್ಟ, ಒಟ್ಟು 3.2 ಸೋಲ್. ಇದರ ಮೇಲೆ, ಸರದಿಯಲ್ಲಿ ಮುಂದೆ ಹೋಗಲು ಕೊಡುವ ಪ್ರಯಾರಿಟಿ ಶುಲ್ಕ ಮತ್ತು ಜಿಟೋ ಟಿಪ್ ಸೇರಿ, ಕೊಂಡು ಮಾರುವ ಪ್ರತಿ ಸುತ್ತಿಗೆ 0.01 ಸೋಲ್ ಹೋಯಿತು. ಅದು ಹೂಡಿಕೆಯ ಹತ್ತನೇ ಒಂದು ಭಾಗ ಎಂಬುದನ್ನು ನಾನು ಮೊದಲೇ ಲೆಕ್ಕ ಹಾಕಬೇಕಿತ್ತು. ಟಿಪ್ ಕಡಿಮೆ ಮಾಡಿದರೆ ಸರದಿಯಲ್ಲಿ ಇನ್ನೂ ಹಿಂದೆ ಸರಿಯುತ್ತೇವೆ. ಹೂಡಿಕೆ ಹೆಚ್ಚಿಸಿದರೆ ಒಂದೊಂದು ನಷ್ಟದ ಪೆಟ್ಟು ದೊಡ್ಡದಾಗುತ್ತದೆ. 5 ಸೋಲ್ ಕೊನೆಗೆ 3.3 ಆಯಿತು.

ಕಾಪಿ ಟ್ರೇಡಿಂಗ್ ಮೊದಲ ಎರಡು ವಾರ ಇದಕ್ಕಿಂತ ಉತ್ತಮವಾಗಿರಲಿಲ್ಲ. ಗೆಲುವಿನ ಪ್ರಮಾಣ ನೋಡಿ ಆರಿಸಿದ ಎರಡು ವ್ಯಾಲೆಟ್‌ಗಳು ಕರ್ವ್ ಮೇಲೆಯೇ, ನಿಮಿಷದೊಳಗೆ ಕೊಂಡು ಮಾರುವಂಥವು. ಮುಂದಾಳು, ಅಂದರೆ ನಾವು ಹಿಂಬಾಲಿಸುವ ವ್ಯಾಲೆಟ್ಟಿನವರು, 3 ಸೋಲ್‌ಗೆ ಕೊಂಡು, ನನ್ನಂಥ ಹಿಂಬಾಲಕರು ನನಗಿಂತ ಮೊದಲು 6 ಸೋಲ್ ಹಾಕಿದ್ದರೆ, ನಾನು ಕೊಡುವ ಬೆಲೆ ಅವರ ಸರಾಸರಿ ಬೆಲೆಗಿಂತ ಅರ್ಧಕ್ಕೂ ಹೆಚ್ಚು ದುಬಾರಿ. ಅವರು ಲಾಭಕ್ಕೆ ಮಾರುವುದು ನಮ್ಮ ಖರೀದಿಯ ಮೇಲೆಯೇ. ಗೆಲುವಿನ ಪ್ರಮಾಣ ಎಂಬ ಅಂಕಿಯನ್ನೂ ನಂಬುವಂತಿಲ್ಲ: ಸೋತ ಟೋಕನ್ನನ್ನು ಮಾರದೆ ಹಾಗೆಯೇ ಬಿಟ್ಟರೆ ಅಥವಾ ಬೇರೆ ವಿಳಾಸದಲ್ಲಿ ಕೊಂಡು ಇಲ್ಲಿಗೆ ವರ್ಗಾಯಿಸಿದರೆ, ಲಾಭದ ವ್ಯಾಲೆಟ್‌ಗಳನ್ನು ತೋರಿಸುವ ಹಲವು ಪಟ್ಟಿಗಳಲ್ಲಿ ನಷ್ಟವೇ ಕಾಣುವುದಿಲ್ಲ. ಈ ಎರಡು ವ್ಯಾಲೆಟ್‌ಗಳ ಹಿಂದೆ ಮಾಡಿದ 21 ಖರೀದಿಗಳಲ್ಲಿ 0.6 ಸೋಲ್ ಲಾಭ, 1.2 ಸೋಲ್ ನಷ್ಟ.

ಮೂರನೆಯ ವ್ಯಾಲೆಟ್ಟನ್ನು ಬೇರೆ ರೀತಿಯಲ್ಲಿ ಆರಿಸಿದೆ. ದಿನಕ್ಕೆ ಒಂದೆರಡಕ್ಕಿಂತ ಹೆಚ್ಚು ವ್ಯವಹಾರ ಮಾಡಿರಬಾರದು, ಗ್ರಾಜುಯೇಟ್ ಆದ ಟೋಕನ್‌ಗಳನ್ನೇ ಕೊಂಡಿರಬೇಕು, ಕನಿಷ್ಠ ಒಂದು ಗಂಟೆಯಾದರೂ ಇಟ್ಟುಕೊಂಡಿರಬೇಕು, ಸೋತದ್ದನ್ನು ಮಾರಿ ನಷ್ಟ ಒಪ್ಪಿಕೊಂಡ ದಾಖಲೆ ಇರಬೇಕು. ಇದರ ಹಿಂದಿನ ಕಾರಣವೂ ಅದೇ ಸೂತ್ರದಲ್ಲಿದೆ. ಕರ್ವ್‌ನ ಆರಂಭದಲ್ಲಿ 5 ಸೋಲ್ ಖರೀದಿ ಬೆಲೆಯನ್ನು ಶೇಕಡಾ 36ರಷ್ಟು ಏರಿಸುತ್ತದೆ. ಆಗಷ್ಟೇ ಗ್ರಾಜುಯೇಟ್ ಆದ ಪೂಲ್‌ನಲ್ಲಿ ಅದೇ 5 ಸೋಲ್ ಏರಿಸುವುದು ಸುಮಾರು ಶೇಕಡಾ 12 ಮಾತ್ರ, ಪೂಲ್ ಬೆಳೆದಂತೆ ಅದಕ್ಕಿಂತಲೂ ಕಡಿಮೆ. ಗಂಟೆಗಟ್ಟಲೆ ಇಟ್ಟುಕೊಳ್ಳುವವರ ಹಿಂದೆ ಎರಡು ಸೆಕೆಂಡು ತಡವಾದರೂ ದೊಡ್ಡ ನಷ್ಟವಿಲ್ಲ. ಈ ವ್ಯಾಲೆಟ್ಟಿನ ಹಿಂದೆ 17 ಖರೀದಿಗಳಲ್ಲಿ 1.7 ಸೋಲ್ ಲಾಭ, 0.5 ಸೋಲ್ ನಷ್ಟ. ಅದಕ್ಕಿಂತ ಮುಖ್ಯವಾಗಿ, ಆ ಟೋಕನ್ನನ್ನು ಅವರು ಏಕೆ ಕೊಂಡಿರಬಹುದು ಎಂದು ಯೋಚಿಸಲು ನನಗೆ ಸಮಯ ಸಿಗುತ್ತಿತ್ತು. ಸ್ನೈಪಿಂಗ್‌ನ 60 ಖರೀದಿಗಳಿಂದ ನಾನು ಕಲಿತದ್ದು ಇದರ ಕಾಲು ಭಾಗವೂ ಇಲ್ಲ. ಟಿಪ್ ಮತ್ತು ಶುಲ್ಕದ 0.23 ಸೋಲ್ ಕಳೆದು, ಹಿಂಬಾಲಿಸಿದ ಮೂರೂ ವ್ಯಾಲೆಟ್‌ಗಳ ಲೆಕ್ಕ ಸೇರಿ ನನ್ನ 5 ಸೋಲ್ 5.37 ಆಯಿತು.

ಬಾಟ್‌ಗಳ ಸುರಕ್ಷತೆಯಲ್ಲಿ ಎರಡೂ ದಾರಿಗಳು ಒಂದೇ. ಟೆಲಿಗ್ರಾಂ ಬಾಟ್ ಬಳಸಿದರೆ ವ್ಯಾಲೆಟ್ಟಿನ ಖಾಸಗಿ ಕೀ (ಅದರ ಹಣದ ಮೇಲೆ ಪೂರ್ತಿ ಅಧಿಕಾರ ಕೊಡುವ ಗುಪ್ತ ಸಂಕೇತ) ಸಾಮಾನ್ಯವಾಗಿ ಬಾಟ್ ನಡೆಸುವವರ ಬಳಿಯೇ ಇರುತ್ತದೆ. 2023ರ ಅಕ್ಟೋಬರ್‌ನಲ್ಲಿ ಯೂನಿಬಾಟ್, 2024ರ ಸೆಪ್ಟೆಂಬರ್‌ನಲ್ಲಿ ಬನಾನಾ ಗನ್ ಎಂಬ ಬಾಟ್‌ಗಳು ದಾಳಿಗೊಳಗಾಗಿ ಬಳಕೆದಾರರ ಹಣ ಹೋಗಿತ್ತು. ಉಳಿತಾಯವಿರುವ ವ್ಯಾಲೆಟ್ಟಿನ ಕೀಯನ್ನು ದಯವಿಟ್ಟು ಯಾವ ಬಾಟ್‌ಗೂ ಕೊಡಬೇಡಿ.

ಇಷ್ಟರಿಂದ ಕಾಪಿ ಟ್ರೇಡಿಂಗ್ ಗೆದ್ದಿತು ಎನ್ನಬಹುದಿತ್ತು, ಆದರೆ ಭಾರತದಲ್ಲಿ ತೆರಿಗೆ ಕಟ್ಟುವವರಿಗೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ ಕ್ರಿಪ್ಟೊ ಲಾಭಕ್ಕೆ ಶೇಕಡಾ 30 ತೆರಿಗೆ, ಅದರ ಮೇಲೆ ಶೇಕಡಾ 4 ಸೆಸ್. ಒಂದು ಟೋಕನ್ನಿನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ. ಕೊಂಡ ಬೆಲೆಯೊಂದನ್ನು ಬಿಟ್ಟು ಬೇರೆ ಖರ್ಚಿಗೆ ವಿನಾಯಿತಿಯಿಲ್ಲದ ಕಾರಣ ಟಿಪ್‌ಗಳೂ ನಮ್ಮ ತಲೆಯ ಮೇಲೆಯೇ. ತೆರಿಗೆಯ ಲೆಕ್ಕದಲ್ಲಿ ಸೋಲ್ ಕೊಟ್ಟು ಟೋಕನ್ ಕೊಳ್ಳುವುದೂ ಸೋಲ್‌ನ ವರ್ಗಾವಣೆಯೇ ಆಗುತ್ತದೆ. ಅದರ ರೂಪಾಯಿ ಬೆಲೆಯ ಏರಿಳಿತವನ್ನು ಇಲ್ಲಿ ಬದಿಗಿಟ್ಟು ಲೆಕ್ಕ ಹಾಕಿದರೂ, ಕಾಪಿ ಟ್ರೇಡಿಂಗ್‌ನ 2.3 ಸೋಲ್ ಲಾಭಕ್ಕೆ ಸುಮಾರು 0.72 ಸೋಲ್ ತೆರಿಗೆ. ಕೈಯಲ್ಲಿದ್ದ 0.37 ಲಾಭ 0.35 ನಷ್ಟವಾಗಿ ತಿರುಗಿತು. ಸ್ನೈಪಿಂಗ್‌ನಲ್ಲಿ 1.7 ಸೋಲ್ ಕಳೆದುಕೊಂಡ ಮೇಲೂ 0.66 ಸೋಲ್ ತೆರಿಗೆ ಕಟ್ಟಬೇಕು.

ಮೂರನೆಯ ವ್ಯಾಲೆಟ್ಟನ್ನು ಮಾತ್ರ ಹಿಂಬಾಲಿಸಿದ್ದರೆ 1.7 ಸೋಲ್ ಲಾಭದಲ್ಲಿ ತೆರಿಗೆ, ನಷ್ಟ, ಟಿಪ್ ಎಲ್ಲವನ್ನೂ ಕಳೆದು ಅರ್ಧ ಸೋಲ್‌ಗಿಂತ ಸ್ವಲ್ಪ ಹೆಚ್ಚು ಉಳಿಯುತ್ತಿತ್ತು. ಹದಿನೇಳು ಖರೀದಿಗಳಿಂದ ಯಾವುದನ್ನೂ ಸಾಬೀತು ಮಾಡಲಾಗದು. ಆದರೂ ನಮ್ಮ ತೆರಿಗೆ ನಿಯಮದಡಿ ಖರೀದಿಗಳ ಸಂಖ್ಯೆ ಹೆಚ್ಚಿದಷ್ಟೂ ಗೆಲ್ಲುವ ಕೈಗೇ ಪೆಟ್ಟು ಬೀಳುತ್ತದೆ ಎಂಬುದು ನನಗೆ ಸ್ಪಷ್ಟವಾಗಿದೆ. ಸ್ನೈಪಿಂಗ್ ವ್ಯಾಲೆಟ್ಟಿನಲ್ಲಿ ಒಂದೊಂದು ಟೋಕನ್‌ಗೂ ತೆರೆದುಕೊಂಡು ಉಳಿದಿದ್ದ 60 ಖಾಲಿ ಟೋಕನ್ ಖಾತೆಗಳನ್ನು ಮುಚ್ಚಿದಾಗ, ತಲಾ 0.002 ಸೋಲ್‌ನಂತೆ ಠೇವಣಿಯಾಗಿ ಸಿಲುಕಿದ್ದ 0.12 ಸೋಲ್ ಮರಳಿ ಬಂತು. ಆ ವ್ಯಾಲೆಟ್ಟನ್ನು ಇನ್ನು ಬಳಸುವುದಿಲ್ಲ. ಮೂರನೆಯ ಮುಂದಾಳನ್ನು ಈಗಲೂ ಗಮನಿಸುತ್ತಿದ್ದೇನೆ, ಆದರೆ ತಾನಾಗಿ ಕೊಳ್ಳುವ ಆಯ್ಕೆಯನ್ನು ಬಾಟ್‌ನಲ್ಲಿ ನಿಲ್ಲಿಸಿದ್ದೇನೆ; ಅವರು ಕೊಂಡದ್ದು ತಿಳಿದ ಮೇಲೆ ಟೋಕನ್ನಿನ ಮೊದಲ ಸ್ಲಾಟ್‌ನ ಖರೀದಿದಾರರಿಗೆ ಎಲ್ಲಿಂದ ಹಣ ಬಂತು ಎಂದು ನೋಡಿ, ಆಮೇಲೆ ಕೈಯಾರೆ ಕೊಳ್ಳುತ್ತೇನೆ. ವಾರಕ್ಕೆ ಎರಡು ಖರೀದಿ ದಾಟಿಲ್ಲ.