“ತುಪ್ಪಳ ಉಳಿಯುತ್ತೆ” ಅಂತ ಅಂಗಡಿಯವರು ಕೊಟ್ಟ ತೋಟಾ ನಂಬಬೇಡಿ: ಎರಡು ಕಯೋಟಿ ಹಾಳುಮಾಡಿದ ಮೇಲೆ ಬರೆಯುತ್ತಿದ್ದೇನೆ

ಪಿಕಪ್ ಗಾಡಿಯ ಹಿಂದೆ ಮಲಗಿಸಿ ಟಾರ್ಚ್ ಹಾಕಿ ನೋಡಿದಾಗ ನನಗೆ ಮಾತೇ ಹೊರಡಲಿಲ್ಲ. ಗಂಡು ಕಯೋಟಿ (ನಮ್ಮ ನರಿ, ತೋಳದ ಜಾತಿಗೆ ಸೇರಿದ ಅಮೆರಿಕದ ಕಾಡುಪ್ರಾಣಿ), ಸುಮಾರು ಮೂವತ್ತು ಪೌಂಡು. ಜನವರಿ ಚಳಿಯ ತುಪ್ಪಳ, ಬೆರಳು ತೂರಿಸಿದರೆ ಎರಡನೇ ಗೆಣ್ಣಿನವರೆಗೂ ಮುಳುಗುವಷ್ಟು ದಟ್ಟ. ಬೆನ್ನುದ್ದಕ್ಕೂ ಕಪ್ಪು ತುದಿಯ ಕೂದಲು, ಕುತ್ತಿಗೆ ಹತ್ತಿರ ಕೆನೆಬಣ್ಣ. ಎಡಹೆಗಲಿನ ಜಾಗದಲ್ಲಿ ಮಾತ್ರ ನನ್ನ ಎರಡು ಮುಷ್ಟಿ ಒಟ್ಟಿಗೆ ಹಿಡಿಸುವ ಗುಂಡಿ. ಚರ್ಮ ನಾಲ್ಕು ಕಡೆಗೆ ಸೀಳಿತ್ತು, ಮೂಳೆಯ ಚೂರುಗಳು ಕೂದಲಿಗೆ ಅಂಟಿಕೊಂಡಿದ್ದವು. ಅದು ಗುಂಡು ಹೊರಬಂದ ಜಾಗ ಅಂದುಕೊಂಡು ಇನ್ನೊಂದು ಮಗ್ಗುಲಿಗೆ ಹೊರಳಿಸಿದೆ. ಆ ಕಡೆ ಒಂದು ಗೀರೂ ಇರಲಿಲ್ಲ. ಗುಂಡು ಹೊಕ್ಕ ಜಾಗವೇ ಹಾಗೆ ಆಗಿತ್ತು.

ನಾನು ಸಕಲೇಶಪುರ ಕಡೆಯವನು. ಅಪ್ಪನ ಹತ್ತಿರ ಬೆಳೆ ರಕ್ಷಣೆಗೆ ಲೈಸೆನ್ಸ್ ಇದ್ದ ಜೋಡಿನಳಿಗೆ ಕೋವಿ ಇತ್ತು. ಚರೆ ತೋಟಾ, ಗುಂಡಿನ ತೋಟಾ ಅಂತ ಎರಡೇ ಲೆಕ್ಕ ನೋಡಿ ಬೆಳೆದವನು. ಈಗ ಎಂಟು ವರ್ಷದಿಂದ ಕ್ಯಾನ್ಸಸ್‌ನ ವಿಚಿಟಾದಲ್ಲಿದ್ದೇನೆ, ವಿಮಾನದ ಬಿಡಿಭಾಗ ತಯಾರಿಸುವ ಕಡೆ ಕೆಲಸ. ಪರಿಚಯದ ಯಜಮಾನರೊಬ್ಬರ ದನದ ರಾಂಚ್ ಪಶ್ಚಿಮಕ್ಕೆ ಎರಡು ಗಂಟೆ ದಾರಿ. ಅವರ ಹಸುಗಳು ಫೆಬ್ರವರಿ, ಮಾರ್ಚಿನಲ್ಲಿ ಕರು ಹಾಕುತ್ತವೆ. ಅದಕ್ಕೆ ಮುಂಚೆ ಕಯೋಟಿ ಕಡಿಮೆ ಮಾಡಿಕೊಡಲು ಕರೆದರು. ಹೊಡೆದ ಪ್ರಾಣಿಯನ್ನು ಬೇಲಿಗೆ ನೇತುಹಾಕಿ ಕೊಳೆಯಲು ಬಿಡುವುದು ನನ್ನಿಂದಾಗದ ಕೆಲಸ. ಕೊಂದ ಮೇಲೆ ಚರ್ಮವಾದರೂ ಉಪಯೋಗಕ್ಕೆ ಬರಬೇಕು ಅಂತ ಮೊದಲೇ ನಿಶ್ಚಯ ಮಾಡಿದ್ದೆ.

ಮುಂದಕ್ಕೆ ಹೋಗುವ ಮೊದಲು ಎರಡು ಮಾತು. ಭಾರತದಲ್ಲಿ ನರಿ ಹೊಡೆಯುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಇಲ್ಲಿ ಬರೆಯುವುದು ಅಮೆರಿಕದಲ್ಲಿರುವವರಿಗೆ ಮಾತ್ರ. ಇಲ್ಲೂ ಎಚ್–1ಬಿ, ಎಫ್–1 ಥರದ ತಾತ್ಕಾಲಿಕ ವೀಸಾದವರು ಬಂದೂಕು ಅಥವಾ ತೋಟಾ ಇಟ್ಟುಕೊಳ್ಳುವುದಕ್ಕೆ ಫೆಡರಲ್ ಕಾನೂನಿನಲ್ಲಿ ನಿಷೇಧ ಇದೆ. ರಾಜ್ಯದ ಚಾಲ್ತಿ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಸಿಗುತ್ತದೆ. ಸ್ನೇಹಿತರ ಬಂದೂಕು ಒಂದು ನಿಮಿಷ ಹಿಡಿದರೂ ವಿಷಯ ಅದೇ, ಹಾಗಾಗಿ ಮೊದಲು ವಕೀಲರನ್ನು ಕೇಳಿ. ಕ್ಯಾನ್ಸಸ್‌ನಲ್ಲಿ ಕಯೋಟಿಗೆ ವರ್ಷವಿಡೀ ಅನುಮತಿ ಇದೆ, ಆದರೆ ಬೇಟೆ ಲೈಸೆನ್ಸ್ ಬೇಕು. 1957ರ ಜುಲೈ 1ರಿಂದ ಈಚೆಗೆ ಹುಟ್ಟಿದವರು ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿರಬೇಕು. ನಾನು ಮುಗಿಸಿದ್ದೆ. ಆ ಕೋರ್ಸಿನಲ್ಲಿ ಸುರಕ್ಷತೆ ಚೆನ್ನಾಗಿ ಕಲಿಸಿದರು, ಗುಂಡಿನ ಒಳಗಿನ ರಚನೆ ಬಗ್ಗೆ ಕಲಿತ ನೆನಪಿಲ್ಲ.

ಅಂಗಡಿಯಲ್ಲಿ ಕೌಂಟರಿನವರು ಕೇಳಿದ್ದು ಒಂದೇ ಪ್ರಶ್ನೆ: ಯಾವ ಪ್ರಾಣಿ? ಕಯೋಟಿ, ತುಪ್ಪಳ ಕೆಡಬಾರದು ಅಂದೆ. ತಕ್ಷಣ .22-250 ರೆಮಿಂಗ್ಟನ್ ಅನ್ನುವ ತೋಟಾ ಹಾಕುವ ರೈಫಲ್ ತೆಗೆದಿಟ್ಟರು, ಜೊತೆಗೆ 55 ಗ್ರೇನಿನ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ) ಪ್ಲಾಸ್ಟಿಕ್ ಮೊನೆಯ ವಾರ್ಮಿಂಟ್ ಗುಂಡಿನ, ಅಂದರೆ ಸಣ್ಣ ಉಪದ್ರವಿ ಪ್ರಾಣಿಗಳಿಗೆ ಮಾಡಿದ ಗುಂಡಿನ, ತೋಟಾ ಡಬ್ಬಿ. “ಒಳಗೆ ಹೋಗಿ ಪುಡಿಯಾಗುತ್ತೆ, ಹೊರಗೆ ಬರೋದೇ ಇಲ್ಲ, ಒಂದೇ ಒಂದು ಸಣ್ಣ ತೂತು” ಅಂದರು. ಆ ಮಾತು ಸುಳ್ಳಲ್ಲ, ಅರ್ಧ ಮಾತ್ರ ನಿಜ. ಎಷ್ಟು ದೂರದಲ್ಲಿ ಹೊಡೆಯುತ್ತೀರಿ ಅಂತ ಅವರೂ ಕೇಳಲಿಲ್ಲ, ಕೇಳಬೇಕು ಅಂತ ನನಗೂ ಹೊಳೆಯಲಿಲ್ಲ. ನನ್ನ ತಪ್ಪೆಲ್ಲ ಅಲ್ಲೇ ಶುರುವಾಯಿತು.

ಕಯೋಟಿಯನ್ನು ನಾವು ಹುಡುಕಿಕೊಂಡು ಹೋಗುವುದಿಲ್ಲ, ಗಾಯಗೊಂಡ ಮೊಲದ ಚೀರಾಟ ಕೇಳಿಸಿ ಕರೆಸುತ್ತೇವೆ. ಗಾಳಿಯ ವಾಸನೆ ಹಿಡಿಯಲು ಸುತ್ತು ಹೊಡೆದು ಹತ್ತಿರಕ್ಕೇ ಬರುತ್ತದೆ. ಆ ದಿನ ಬಂದದ್ದು ನಲವತ್ತು ಗಜಕ್ಕೆ, ಸ್ವಲ್ಪ ಓರೆಯಾಗಿ ನಿಂತಿತು. ಸ್ಕೋಪಿನ ಗೆರೆ ಹೆಗಲ ಮೇಲಿದ್ದಾಗಲೇ ಕುದುರೆ ಎಳೆದೆ.

.22-250ರಲ್ಲಿ 55 ಗ್ರೇನಿನ ಗುಂಡು ನಳಿಗೆ ಬಿಡುವಾಗ ಸೆಕೆಂಡಿಗೆ ಸುಮಾರು 3,680 ಅಡಿ ವೇಗದಲ್ಲಿರುತ್ತದೆ. ನಲವತ್ತು ಗಜದಲ್ಲಿ ಆ ವೇಗ ಹೆಚ್ಚೇನೂ ಇಳಿದಿರುವುದಿಲ್ಲ. ವಾರ್ಮಿಂಟ್ ಗುಂಡಿನ ತಾಮ್ರದ ಕವಚ ಬಹಳ ತೆಳು, ಒಳಗಿರುವುದು ಮೆತ್ತನೆ ಸೀಸ. ಪಕ್ಕೆಲುಬುಗಳ ನಡುವೆ ಹೊಕ್ಕರೆ ಎದೆಗೂಡಿನ ಒಳಗೆ ಹೋಗಿ ಚೂರಾಗುತ್ತದೆ, ಪ್ರಾಣಿ ನಿಂತಲ್ಲೇ ಬೀಳುತ್ತದೆ, ಚರ್ಮ ಉಳಿಯುತ್ತದೆ. ಅದೇ ಗುಂಡು ಅಷ್ಟೇ ವೇಗದಲ್ಲಿ ಹೆಗಲಿನ ಮೂಳೆಗೆ ತಾಗಿದರೆ ಒಳಗೆ ಹೋಗಲು ಪುರಸೊತ್ತೇ ಸಿಗುವುದಿಲ್ಲ. ಚರ್ಮದ ಮಟ್ಟದಲ್ಲೇ ಸಿಡಿಯುತ್ತದೆ. ನಾನು ಟಾರ್ಚ್ ಬೆಳಕಲ್ಲಿ ಕಂಡದ್ದು ಅದೇ.

ಇದು ಅರ್ಥವಾಗುವ ಮೊದಲು ಇನ್ನೂ ದೊಡ್ಡ ತಪ್ಪು ಮಾಡಿದೆ. ಶೂಟಿಂಗ್ ರೇಂಜಿನಲ್ಲಿ ಪಕ್ಕದ ಬೆಂಚಿನವರೊಬ್ಬರು, ಗುಂಡು ಸಿಡಿಯುವುದೇ ತೊಂದರೆಯಾದರೆ ಸಿಡಿಯದೇ ಇರುವುದನ್ನು ಹಾಕು, ಫುಲ್ ಮೆಟಲ್ ಜಾಕೆಟ್ (ಸೀಸಕ್ಕೆ ಮೊನೆಯವರೆಗೂ ಗಟ್ಟಿ ಲೋಹದ ಕವಚ ಇರುವ ಗುಂಡು) ತಗೋ, ಪೆನ್ಸಿಲ್ ಗಾತ್ರದ ತೂತು ಅಷ್ಟೆ ಅಂದರು. ಕೇಳಲು ಸರಿ ಅನಿಸಿತು. ಮರುವಾರ ನೂರಿಪ್ಪತ್ತು ಗಜದಲ್ಲಿ ಅಡ್ಡಕ್ಕೆ ನಿಂತ ಹೆಣ್ಣು ಕಯೋಟಿಗೆ ಹೊಡೆದೆ. ಗುಂಡು ತಾಗಿದ ಸದ್ದು ಸ್ಪಷ್ಟವಾಗಿ ಕೇಳಿಸಿತು. ಅದು ಒಮ್ಮೆ ಬೆನ್ನು ಬಾಗಿಸಿ ತನ್ನ ಮಗ್ಗುಲನ್ನೇ ಕಚ್ಚಿ ಓಡಿತು. ಹಿಮದ ಮೇಲೆ ನಾಲ್ಕು ಹನಿ ರಕ್ತ, ಮತ್ತೆ ಮೂವತ್ತು ಹೆಜ್ಜೆ ಏನೂ ಇಲ್ಲ, ಮತ್ತೆ ಒಂದು ಹನಿ. ಕತ್ತಲಾಗುವವರೆಗೆ ಹುಡುಕಿದೆ, ಮಾರನೇ ದಿನ ರಜೆ ಹಾಕಿ ಮತ್ತೆ ಹುಡುಕಿದೆ. ಮೂರನೇ ದಿನ ಯಜಮಾನರು ಫೋನ್ ಮಾಡಿದರು. ಅರ್ಧ ಮೈಲಿ ಆಚೆ ಹಳ್ಳದಲ್ಲಿ ಸೀಡರ್ ಗಿಡದ ಬುಡದಲ್ಲಿ ಮುದುಡಿ ಸತ್ತುಬಿದ್ದಿತ್ತು. ಕಾಗೆಗಳು ಹಿಂಭಾಗ ತಿಂದಿದ್ದವು, ಹೊಟ್ಟೆ ಹಸಿರುಗಟ್ಟಿತ್ತು. ಗುಂಡಿನ ತೂತು ಎರಡೂ ಕಡೆ ನಿಜಕ್ಕೂ ಪೆನ್ಸಿಲಿನಷ್ಟೇ ಇತ್ತು. ಅಂಥ ಗಾಯದಲ್ಲಿ ಆ ಜೀವ ಎಷ್ಟು ಹೊತ್ತು ಒದ್ದಾಡಿತೋ. ಇವತ್ತಿಗೂ ಅದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅಂಥ ಗಟ್ಟಿ ಕವಚದ ಗುಂಡಿಗೆ ಇನ್ನೊಂದು ಅಪಾಯ ಇದೆ. ಹೆಪ್ಪುಗಟ್ಟಿದ ನೆಲಕ್ಕೆ ತಾಗಿದರೆ ಪುಡಿಯಾಗದೆ ಜಾರಿ ಹಾರುತ್ತದೆ. ದನ ಇರುವ ಬಯಲಲ್ಲಿ, ದೂರದಲ್ಲಿ ಮನೆ ಇರುವ ಕಡೆ ಇದು ಆಟದ ಮಾತಲ್ಲ.

ಆಮೇಲೆ ಕುಳಿತು ಡಬ್ಬಿಗಳ ಮೇಲಿನ ಲೆಕ್ಕ ಓದಿದೆ. .22-250 ಮತ್ತು .223 ರೆಮಿಂಗ್ಟನ್ ಎರಡಕ್ಕೂ ಗುಂಡಿನ ದಪ್ಪ ಒಂದೇ, .224 ಇಂಚು. ವ್ಯತ್ಯಾಸ ಇರುವುದು ಮದ್ದಿನಲ್ಲಿ. .223ರಲ್ಲಿ 55 ಗ್ರೇನಿನ ಗುಂಡು ಸುಮಾರು 3,240 ಅಡಿಯಲ್ಲಿ ಹೊರಟು 200 ಗಜದಲ್ಲಿ 2,500ಕ್ಕೆ ಇಳಿಯುತ್ತದೆ. .22-250ರಲ್ಲಿ ಅದೇ ಗುಂಡು ಆ ವೇಗಕ್ಕೆ ಇಳಿಯುವುದು 300 ಗಜದ ಹತ್ತಿರ. ನಾನು ಕರೆಸಿ ಹೊಡೆಯುವುದು ಹೆಚ್ಚೆಂದರೆ ನೂರೈವತ್ತು ಗಜಕ್ಕೆ. ಬೆಟ್ಟದಿಂದ ಬೆಟ್ಟಕ್ಕೆ ಹೊಡೆಯುವವರಿಗೆ .22-250 ಒಳ್ಳೆಯ ತೋಟಾ, ನನ್ನ ಕೆಲಸಕ್ಕೆ ಅಷ್ಟು ವೇಗ ಬೇಕಿರಲಿಲ್ಲ. ರೈಫಲ್ ಮಾರಿ .223 ಕೊಂಡೆ. ಗುಂಡು ಮಾತ್ರ ಅದೇ ಜಾತಿಯದು, ಪ್ಲಾಸ್ಟಿಕ್ ಮೊನೆಯದ್ದೇ.

ಕಳೆದ ಚಳಿಗಾಲ ಆರು ಕಯೋಟಿ ಸಿಕ್ಕವು. ಮೊಣಕೈಗಿಂತ ನಾಲ್ಕು ಬೆರಳು ಹಿಂದೆ, ಎದೆಗೂಡಿಗೆ ಹೊಡೆದ ನಾಲ್ಕರಲ್ಲಿ ತೂತು ಹುಡುಕಲು ತುಪ್ಪಳಕ್ಕೆ ಬಾಯಿಂದ ಊದಬೇಕಾಯಿತು. ಕೂದಲು ಸರಿದಾಗ ಬಟಾಣಿ ಗಾತ್ರದ ಕೆಂಪು ಚುಕ್ಕೆ ಕಂಡಿತು. ಐದನೆಯದು ನನ್ನ ಕಡೆಗೇ ಮುಖ ಮಾಡಿ ಕುಳಿತಿತ್ತು, ಎದೆಗೆ ಹೊಡೆದದ್ದು ಒಳಗೇ ಉಳಿಯಿತು. ಆರನೆಯದು ಕೊನೇ ಗಳಿಗೆಯಲ್ಲಿ ತಿರುಗಿ ಹೆಗಲಿಗೆ ತಾಗಿತು. ನಿಂಬೆಹಣ್ಣಿನಷ್ಟು ಹರಿಯಿತು. .223 ಆದರೂ ಮೂಳೆಗೆ ಹೊಡೆದರೆ ಹರಿಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಅಂಥದ್ದನ್ನು ಸುಲಿದ ತಕ್ಷಣ, ಚರ್ಮ ಹಸಿಯಿರುವಾಗಲೇ, ರಕ್ತವನ್ನು ತಣ್ಣೀರಲ್ಲಿ ತೊಳೆದು ಒಳಮುಖದಿಂದ ಮೇಣದ ದಾರದಲ್ಲಿ ಹೊಲಿಯಿರಿ. ಹಲಗೆಗೆ ಎಳೆದು ಕಟ್ಟಿ ಒಣಗಿಸಿದ ಮೇಲೆ ತೂತು ಇನ್ನೂ ಅಗಲವಾಗುತ್ತದೆ.

ಬೇರೆ ತೋಟಾಗಳ ಬಗ್ಗೆ ಕೇಳುವವರಿಗೆ: .204 ರೂಗರ್ 2004ರಲ್ಲಿ ಬಂದದ್ದು, ಗೆಳೆಯರೊಬ್ಬರು 40 ಗ್ರೇನಿನ ಗುಂಡಿನಲ್ಲಿ ಬಳಸುತ್ತಾರೆ, ಅವರ ಚರ್ಮಗಳು ನನ್ನವಕ್ಕಿಂತ ಚೊಕ್ಕ. ಆದರೆ 32 ಗ್ರೇನಿನದು 4,200 ಅಡಿಗೂ ಮೇಲೆ ಹೊರಡುತ್ತದೆ, ಹತ್ತಿರದಲ್ಲಿ ನನಗಾದದ್ದೇ ನಿಮಗೂ ಆದೀತು. .243 ವಿಂಚೆಸ್ಟರ್ ಜಿಂಕೆಗೂ ಆಗುತ್ತೆ ಕಯೋಟಿಗೂ ಆಗುತ್ತೆ ಅಂತ ಮಾರುತ್ತಾರೆ. ತುಪ್ಪಳ ಬೇಕಾದವರಿಗೆ ಬೇಡ, ಜಿಂಕೆಗೆ ಮಾಡಿದ 100 ಗ್ರೇನಿನ ಗುಂಡು ಆಚೆ ಕಡೆ ಚರ್ಮವನ್ನು ದೊಡ್ಡದಾಗಿ ಹರಿದುಕೊಂಡು ಹೋಗುತ್ತದೆ. .17 ಎಚ್‌ಎಂಆರ್‌ನ ಗುಂಡು ಬರೀ 17 ಗ್ರೇನ್. ನರಿಗೆ ಸರಿ, ಕಯೋಟಿಗೆ ಹಾಕಬೇಡಿ. ಗಾಯವಾಗಿ ಓಡಿದ ಪ್ರಾಣಿ ಹೇಗೆ ಸಾಯುತ್ತದೆ ಅಂತ ಮೇಲೆ ಬರೆದಿದ್ದೇನೆ. ಬಾಬ್‌ಕ್ಯಾಟ್ (ಇಲ್ಲಿನ ಒಂದು ಕಾಡುಬೆಕ್ಕು) ಹೊಡೆಯುವವರು ಇನ್ನೂ ಹುಷಾರಾಗಿರಬೇಕು. ಕಯೋಟಿಯಲ್ಲಿ ಬೆಲೆ ಬೆನ್ನಿನ ಮತ್ತು ಮಗ್ಗುಲಿನ ಕೂದಲಿಗೆ, ಬಾಬ್‌ಕ್ಯಾಟಿನಲ್ಲಿ ಚುಕ್ಕೆಗಳಿರುವ ಬಿಳಿ ಹೊಟ್ಟೆಗೆ. ಚರ್ಮ ತೆಳು, ಬೇಗ ಹರಿಯುತ್ತದೆ. ಅದಕ್ಕೆ ಕ್ಯಾನ್ಸಸ್‌ನಲ್ಲಿ ಬೇರೆ ಲೈಸೆನ್ಸ್, ಚರ್ಮಕ್ಕೆ ಇಲಾಖೆಯ ಟ್ಯಾಗ್ ಕೂಡ ಬೇಕು.

ದುಡ್ಡಿನ ಆಸೆಗೆ ಯಾರೂ ಇಳಿಯಬೇಡಿ. ಜಾಕೆಟಿನ ಟೋಪಿಗೆ ಕಯೋಟಿ ತುಪ್ಪಳ ಹಾಕುತ್ತಿದ್ದ ಕೆನಡಾ ಗೂಸ್ ಕಂಪನಿ ತುಪ್ಪಳ ಕೊಳ್ಳುವುದನ್ನು ನಿಲ್ಲಿಸುವುದಾಗಿ 2021ರಲ್ಲಿ ಹೇಳಿದ ಮೇಲೆ ಬೇಡಿಕೆ ಬಿದ್ದುಹೋಯಿತು. ನಮ್ಮ ಕಡೆ ಬರುವ ಚರ್ಮದ ವ್ಯಾಪಾರಿ ಹರಿದ ಚರ್ಮವನ್ನು ಕೈಯಲ್ಲೂ ಹಿಡಿಯುವುದಿಲ್ಲ.

ಅಂಗಡಿಗೆ ಹೋದರೆ ದೂರ ನೀವೇ ಹೇಳಿ: ಹತ್ತಿರ ಅಂದರೆ ಎಷ್ಟು ಗಜ, ದೂರ ಅಂದರೆ ಎಷ್ಟು. ಡಬ್ಬಿ ತಿರುಗಿಸಿ 100 ಮತ್ತು 200 ಗಜದ ವೇಗ ಓದಿ. ಗುಂಡಿನ ಕವಚ ಯಾವ ಬಗೆಯದು ಅಂತ ಕೇಳಿ. ತೋಟಾದ ಹೆಸರು ಮಾತ್ರ ಹೇಳಿ “ತುಪ್ಪಳ ಉಳಿಯುತ್ತೆ” ಅನ್ನುವವರ ಹತ್ತಿರ ಕೊಳ್ಳಬೇಡಿ. ಆ ಫುಲ್ ಮೆಟಲ್ ಜಾಕೆಟ್ ಡಬ್ಬಿಯಲ್ಲಿ ನನ್ನ ಹತ್ತಿರ ಹದಿನಾಲ್ಕು ಉಳಿದಿದ್ದವು. ರೈಫಲ್ ಮಾರುವ ಹಿಂದಿನ ದಿನ ರೇಂಜಿಗೆ ಹೋಗಿ ಎಲ್ಲವನ್ನೂ ಕಾಗದದ ಗುರಿಗೇ ಹೊಡೆದು ಮುಗಿಸಿದೆ.